ಸಾಂತ್ವನವೂ ಸತ್ಯವೂ

ನಿವೃತ್ತನಾದ ಮೇಲೂ ನನ್ನ ಜೊತೆಗೆ ಉಳಿದ ಕೆಲವೇ ಸ್ನೇಹಿತರಲ್ಲಿ ಒಬ್ಬರು ನಾನಿದ್ದ ಶಾಲೆಯಲ್ಲೇ ಇಪ್ಪತ್ತಾರು ವರ್ಷ ಗಣಿತ ಕಲಿಸಿದವರು. ಅವರು ದೇವರನ್ನು ನಂಬುವವರಲ್ಲ, ನಂಬುವವರನ್ನು ಹೀಯಾಳಿಸುವವರೂ ಅಲ್ಲ. ಕಳೆದ ವರ್ಷ ನವೆಂಬರ್ 2ರಂದು ನಾನು ಇಗರ್ಜಿಯಿಂದ ಮರಳುವಾಗ ನೀರ್ಚಾಲಿನಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದರು. ನನ್ನ ಕೈಯಲ್ಲಿ ಉಳಿದಿದ್ದ ಮೇಣದ ಬತ್ತಿಗಳನ್ನು ನೋಡಿ ಹೀಗೆ ಕೇಳಿದರು: "ಮಾಷ್ಟ್ರೇ, ಬೇಸರ ಮಾಡಬೇಡಿ. ಅಮ್ಮ ಇರುವಾಗ ನೀವು ಪ್ರಾರ್ಥನೆಗೆ ಕೂತವರಲ್ಲ. ಈಗ ಪ್ರತಿ ವರ್ಷ ಬತ್ತಿ ಹಿಡಿದುಕೊಂಡು ಹೋಗುತ್ತೀರಿ. ಮನಸ್ಸಿಗೆ ಸಮಾಧಾನ ಆಗುತ್ತದೆ ಎಂಬ ಕಾರಣಕ್ಕೆ ಒಂದು ವಿಷಯವನ್ನು ನಂಬುವುದು ಪ್ರಾಮಾಣಿಕತೆಯೋ?"

ಅಷ್ಟರಲ್ಲಿ ಬಸ್ಸು ಬಂತು, ಅವರು ಹತ್ತಿದರು. ಪ್ರಶ್ನೆ ನನ್ನ ಬಳಿಯೇ ಉಳಿಯಿತು. ಅದು ನನ್ನೊಬ್ಬನ ಪ್ರಶ್ನೆಯಲ್ಲ. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡು, ಆ ಬಳಿಕ ಯಾವುದೋ ಒಂದು ನಂಬಿಕೆಗೆ ಆತುಕೊಂಡವರೆಲ್ಲರೂ ಒಂದಲ್ಲ ಒಂದು ದಿನ ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಆ ದಿನ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯಲು ಪ್ರಯತ್ನಿಸಿದ್ದೇನೆ.

ನಮ್ಮದು ಬೇಳದ ಶೋಕಮಾತಾ ಇಗರ್ಜಿಗೆ ಸೇರಿದ ಮನೆತನ. 1890ರಲ್ಲಿ ಗೋಥಿಕ್ ಶೈಲಿಯಲ್ಲಿ ಕಟ್ಟಿದ ಆ ಇಗರ್ಜಿಯನ್ನು ಕುಂಬಳೆ–ಬದಿಯಡ್ಕ ರಸ್ತೆಯಲ್ಲಿ ಓಡಾಡುವವರು ನೋಡಿರಬಹುದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಇಗರ್ಜಿ ಮಾತ್ರ ಮಂಗಳೂರು ಧರ್ಮಪ್ರಾಂತದಲ್ಲೇ ಉಳಿಯಿತು. ಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ – ಈ ಮಣ್ಣಿನ ಅನೇಕರ ಹಾಗೆ ನಾವೂ ಬೆಳೆದೆವು. ನನ್ನ ತಾಯಿ ಐದನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಕಲಿತವಳು. ಅವಳ ಪ್ರಾರ್ಥನೆಯ ಪುಸ್ತಕ ಕೊಂಕಣಿಯದು, ಅಕ್ಷರ ಕನ್ನಡದ್ದು. ಅವಳನ್ನು ನಾವು ಮಾಂಯ್ ಎಂದು ಕರೆಯುತ್ತಿದ್ದೆವು.

ಕಥೋಲಿಕರಲ್ಲದ ಓದುಗರಿಗಾಗಿ ಒಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲ ಸೇರಿ ಜಪಸರ ಹೇಳುವುದು ನಮ್ಮಲ್ಲಿ ರೂಢಿ. ಕೊಂಕಣಿಯಲ್ಲಿ ಅದಕ್ಕೆ 'ತೇರ್ಸ್' ಎನ್ನುತ್ತೇವೆ. ಮೂರನೆಯ ಒಂದು ಪಾಲು ಎಂಬ ಅರ್ಥದ ಪೋರ್ಚುಗೀಸ್ ಪದದಿಂದ ಬಂದದ್ದು ಅದು. ಹಿಂದಿನ ಕ್ರಮದಲ್ಲಿ ಪೂರ್ಣ ಜಪಸರಕ್ಕೆ ಹತ್ತರಂತೆ ಹದಿನೈದು ಸುತ್ತು. ದಿನಕ್ಕೆ ಹೇಳುವುದು ಐದು. ಹೀಗೆ ಐವತ್ತು ಬಾರಿ ಮಾತೆ ಮರಿಯಮ್ಮನಿಗೆ ವಂದನೆ. ಆ ಪ್ರಾರ್ಥನೆಗೆ ಎರಡು ಭಾಗ. ಮೊದಲ ಅರ್ಧವನ್ನು ಒಬ್ಬರು ಹೇಳಬೇಕು, ಉಳಿದ ಅರ್ಧವನ್ನು ಮಿಕ್ಕವರು ಉತ್ತರವಾಗಿ ಹೇಳಬೇಕು. ಮೊದಲ ಅರ್ಧ ವಂದನೆ; ಎರಡನೆಯ ಅರ್ಧ, ಈಗಲೂ ನಮ್ಮ ಮರಣದ ಗಳಿಗೆಯಲ್ಲೂ ನಮಗಾಗಿ ಬೇಡಿಕೋ ಎಂಬ ಮೊರೆ.

ತಂದೆ ತೀರಿಕೊಂಡು, ತಂಗಿ ಮದುವೆಯಾಗಿ, ತಮ್ಮ ಕೊಲ್ಲಿಗೆ ಹೋದ ಮೇಲೆ ಮನೆಯಲ್ಲಿ ಉಳಿದವರು ಮಾಂಯ್ ಮತ್ತು ನಾನು. ಆ ಹೊತ್ತಿಗೆ ನನಗೆ ಇದರಲ್ಲೆಲ್ಲ ಆಸಕ್ತಿ ಹೋಗಿತ್ತು. ನಂಬಿಕೆ ಬಿಟ್ಟೆ ಎಂದು ಸಾರುವ ಧೈರ್ಯವಿರಲಿಲ್ಲ, ಕೂತು ಹೇಳುವ ಮನಸ್ಸೂ ಇರಲಿಲ್ಲ. ಸಂಜೆ ಅವಳು ಒಳಗೆ ಒಬ್ಬಳೇ ತೇರ್ಸ್ ಹೇಳುವಾಗ ನಾನು ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದೆ. ಎರಡು ಅರ್ಧವನ್ನೂ ಅವಳೇ ಹೇಳಿಕೊಳ್ಳುತ್ತಿದ್ದಳು. ಮೊದಲ ಅರ್ಧ ಮುಗಿಸಿ ಒಂದು ಗಳಿಗೆ ತಡೆದು, ಬಳಿಕ ಉಳಿದ ಅರ್ಧ. ಆ ತಡೆ ನನ್ನ ಕಿವಿಗೆ ಬೀಳುತ್ತಿತ್ತು. ಉಸಿರು ತೆಗೆದುಕೊಳ್ಳಲು ನಿಲ್ಲಿಸುತ್ತಾಳೆ ಎಂದುಕೊಂಡಿದ್ದೆ.

2011ರ ಜುಲೈಯ ಒಂದು ಸಂಜೆ, ಬಿಡದೆ ಮಳೆ ಸುರಿಯುತ್ತಿದ್ದಾಗ ಬಾಗಿಲ ತನಕ ಬಂದು, "ಪುತಾ, ಆಜ್ ತೇರ್ಸ್ ಸಾಂಗಾತಾ ಮ್ಹಣ್ಯಾಂ" ಎಂದಳು. ಮಗನೇ, ಇವತ್ತು ತೇರ್ಸನ್ನು ಒಟ್ಟಿಗೆ ಹೇಳುವಾ ಎಂದು. ನನಗೆ ಅವಸರದ ಕೆಲಸವೇನೂ ಇರಲಿಲ್ಲ. ಆದರೂ "ನಾಳೆ ನೋಡುವಾ ಮಾಂಯ್" ಎಂದೆ. ಅವಳು ಒತ್ತಾಯಿಸಲಿಲ್ಲ. ಆ ರಾತ್ರಿಯೇ ನಿದ್ದೆಯಲ್ಲಿ ಹೃದಯ ನಿಂತಿತು. ಎಂಬತ್ತೆರಡು ವರ್ಷವಾಗಿತ್ತು.

ಸಾವಿನ ಮನೆಗೆ ಬಂದವರು ಬಾಯಿತುಂಬ ಸಾಂತ್ವನ ಹೇಳಿದರು. ದೇವರ ಚಿತ್ತ ಎಂದರು. ತುಂಬಿದ ಪ್ರಾಯ, ನರಳದೆ ಹೋದರು, ಪುಣ್ಯವಂತೆ ಎಂದರು. ನೇರ ಸ್ವರ್ಗಕ್ಕೆ ಹೋಗಿದ್ದಾರೆ, ಅಳಬಾರದು ಎಂದರು. ಒಬ್ಬರು ನನ್ನ ಭುಜ ಹಿಡಿದು, ಇಷ್ಟು ವರ್ಷ ಜೊತೆಗಿದ್ದು ನೋಡಿಕೊಂಡ ನಿಮ್ಮಂಥ ಮಗ ಯಾರಿಗೆ ಸಿಗುತ್ತಾನೆ ಎಂದರು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಒಂದೊಂದು ಮಾತೂ ನನ್ನ ತಪ್ಪಿನ ಮೇಲೆ ಹೊದೆಸಿದ ಒಂದೊಂದು ಬಟ್ಟೆಯ ಹಾಗಿತ್ತು. ಒಳಗಿನ ಗಾಯಕ್ಕೆ ಗಾಳಿ ತಾಗಲಿಲ್ಲ. ಈ ರೀತಿಯ ಸಾಂತ್ವನವನ್ನು ಕುರಿತು ನನ್ನ ಸ್ನೇಹಿತರು ಪ್ರಶ್ನೆ ಕೇಳಿದ್ದರೆ, ಅವರ ಪಕ್ಷವನ್ನೇ ನಾನೂ ವಹಿಸುತ್ತಿದ್ದೆ. ಮಾರ್ಕ್ಸ್ 1844ರಲ್ಲಿ ಧರ್ಮವನ್ನು ಅಫೀಮಿಗೆ ಹೋಲಿಸಿದ್ದನ್ನು ನಮ್ಮ ಜಿಲ್ಲೆಯಲ್ಲಿ ಕೇಳದವರಿಲ್ಲ. ನೋವು ಎಲ್ಲಿದೆ ಎಂಬುದನ್ನೇ ಮರೆಸುವ ಸಮಾಧಾನವನ್ನು ಅಫೀಮು ಎಂದರೆ ತಪ್ಪೇನೂ ಇಲ್ಲ.

ಆ ದಿನಗಳಲ್ಲಿ ನನ್ನ ಕೈಗೆ ಬಂದದ್ದು ಸಂತ ಅಗಸ್ಟೀನರ 'ಕನ್ಫೆಶನ್ಸ್'. ಸಾವಿರದ ಆರುನೂರು ವರ್ಷಗಳಿಗೂ ಹಿಂದಿನ ಗ್ರಂಥ. ಭಕ್ತಿಯಿಂದ ತೆರೆದದ್ದಲ್ಲ, ತಾಯಿಯ ಸಾವನ್ನು ಕುರಿತು ಬರೆದಿದ್ದಾರೆಂದು ಕೇಳಿದ್ದೆ, ಅಷ್ಟೆ. ಅದರ ಒಂಬತ್ತನೆಯ ಭಾಗದಲ್ಲಿ ಆ ಕಥನ ಬರುತ್ತದೆ. 387ರಲ್ಲಿ, ಆಫ್ರಿಕದ ತಮ್ಮ ಊರಿಗೆ ಮರಳಲೆಂದು ರೋಮಿನ ಬಂದರಾದ ಓಸ್ತಿಯಾದಲ್ಲಿ ಕಾಯುತ್ತಿದ್ದಾಗ ತಾಯಿ ಮೋನಿಕಾ ಜ್ವರದಿಂದ ತೀರಿಕೊಂಡರು. ಅವರಿಗೆ ಆಗ ಐವತ್ತಾರನೆಯ ವರ್ಷ, ಮಗನಿಗೆ ಮೂವತ್ತಮೂರನೆಯದು. ಕಣ್ಣು ಮುಚ್ಚಿಸಿದ್ದು ಮಗನೇ. ಅಳು ಉಕ್ಕಿ ಬಂದರೂ ತಡೆದುಕೊಂಡರು. ನಂಬಿಕೆಯುಳ್ಳವರು ಹೀಗೆ ಅಳುವುದು ಸಲ್ಲದು ಎಂದು ಆಗಿನ ಎಣಿಕೆ. ಬಾಯಿಬಿಟ್ಟು ಅತ್ತ ಮೊಮ್ಮಗನನ್ನು ಹಿರಿಯರು ಸುಮ್ಮನಿರಿಸಿದರು. ಸಮಾಧಿ ಮಾಡಿ ಬಂದ ಮೇಲೆ, ಸ್ನಾನ ಮಾಡಿದರೆ ದುಃಖ ಇಳಿಯುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಅಗಸ್ಟೀನರು ಸ್ನಾನವನ್ನೂ ಮಾಡಿದರು. ದುಃಖ ಇಳಿಯಲಿಲ್ಲ. ನಿದ್ದೆ ಮಾಡಿ ಎದ್ದ ಮೇಲೆ ಮಾತ್ರ, ಯಾರೂ ನೋಡದಲ್ಲಿ, ಕಟ್ಟೆಯೊಡೆದ ಹಾಗೆ ಅತ್ತರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಕೆಲವು ವರ್ಷ ಹಿಂದೆ ಇದೇ ಅಗಸ್ಟೀನರು ಕಾರ್ಥೇಜಿನ ಕಡಲ ತೀರದಲ್ಲಿ ತಾಯಿಗೆ ಸುಳ್ಳು ಹೇಳಿ, ಅವಳನ್ನು ರಾತ್ರಿಯಿಡೀ ಒಂದು ಪ್ರಾರ್ಥನಾಲಯದಲ್ಲಿ ಬಿಟ್ಟು, ಹಡಗು ಹತ್ತಿ ರೋಮಿಗೆ ಹೋಗಿಬಿಟ್ಟಿದ್ದರು. ಆ ತಾಯಿಯೇ ಕೊನೆಯ ಕಾಯಿಲೆಯಲ್ಲಿ ಮಗನ ಸೇವೆಯನ್ನು ಮೆಚ್ಚಿ, ಅವನ ಬಾಯಿಂದ ಒಂದು ಬಿರುನುಡಿಯನ್ನೂ ಕೇಳಲಿಲ್ಲ ಎಂದು ಹೇಳಿದರಂತೆ. ಆ ಹೊಗಳಿಕೆಯನ್ನು ಬರೆದಿಟ್ಟ ಮಗ, ಕಡಲ ತೀರದ ಆ ರಾತ್ರಿಯನ್ನೂ ಅದೇ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಅಳಿಸಲಿಲ್ಲ. ತಾಯಿಯನ್ನೂ ದೇವತೆ ಮಾಡಲಿಲ್ಲ. ಹುಡುಗಿಯಾಗಿದ್ದಾಗ ಅವಳಿಗೆ ಕದ್ದು ದ್ರಾಕ್ಷಾರಸ ಕುಡಿಯುವ ಚಾಳಿ ಇದ್ದುದನ್ನೂ ಹೇಳಿ, ಅವಳ ತಪ್ಪುಗಳಿದ್ದರೆ ಮನ್ನಿಸೆಂದು ದೇವರಲ್ಲಿ ಬೇಡಿ, ಓದುಗರೂ ತನ್ನ ತಂದೆತಾಯಿಯನ್ನು ಪೂಜೆಯ ವೇಳೆ ನೆನೆಯಲಿ ಎಂದು ಕೇಳಿಕೊಂಡಿದ್ದಾನೆ.

ಮೋನಿಕಾ ಮೊದಲೆಲ್ಲ ಊರಿನಲ್ಲಿ, ಗಂಡನ ಪಕ್ಕದಲ್ಲೇ ಮಣ್ಣಾಗಬೇಕೆಂದು ಬಯಸಿದ್ದವರು. ಕೊನೆಗೆ, ದೇಹವನ್ನು ಎಲ್ಲಿ ಬೇಕಾದರೂ ಹೂಳಿ, ಬಲಿಪೀಠದ ಮುಂದೆ ನನ್ನನ್ನು ನೆನೆಯಿರಿ, ಅಷ್ಟು ಸಾಕು ಎಂದರು. ಮಕ್ಕಳನ್ನು ಕೊಲ್ಲಿಗೂ ಮುಂಬಯಿಗೂ ಕಳುಹಿಸಿರುವ ನಮ್ಮ ಗಡಿನಾಡಿನ ತಾಯಂದಿರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ಆ ತಾಯಿ ಕೇಳಿದ್ದು ದೊಡ್ಡ ಸಮಾಧಿಯನ್ನಲ್ಲ, ಒಂದು ನೆನಪನ್ನು. ನನ್ನ ತಾಯಿ ಕೇಳಿದ್ದು ಅದಕ್ಕಿಂತಲೂ ಸಣ್ಣದು.

ಪುಸ್ತಕ ಮುಚ್ಚಿದ ಮೇಲೆ ನನಗೆ ದೇವರು ಕಾಣಲಿಲ್ಲ. ಆದರೆ ಮುಚ್ಚಿಟ್ಟದ್ದನ್ನು ಯಾರಿಗಾದರೂ ಹೇಳಬೇಕು ಎನಿಸಿತು. ಸುಮಾರು ಇಪ್ಪತ್ತು ವರ್ಷಗಳ ಬಳಿಕ ಪಾಪನಿವೇದನೆಗೆ ಹೋದೆ. ಆ ಜಗಲಿಯ ಸಂಜೆಯನ್ನು ಹೇಳಿದೆ. ಪಾದ್ರಿಗಳು, ಅದೇನು ದೊಡ್ಡ ಪಾಪವಲ್ಲ ಬಿಡಿ ಎಂದಿದ್ದರೆ ನಾನು ಎದ್ದು ಬರುತ್ತಿದ್ದೆನೋ ಏನೋ. ಅವರು ಹಾಗೆನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪಾಪವಿಮೋಚನೆ ನೀಡಿ, ಪ್ರಾಯಶ್ಚಿತ್ತವಾಗಿ ಒಂದು ತಿಂಗಳು ದಿನವೂ ತಾಯಿ ಕೂರುತ್ತಿದ್ದಲ್ಲೇ ಕೂತು ಅವರಿಗಾಗಿ ತೇರ್ಸ್ ಹೇಳಬೇಕೆಂದರು.

ಮೊದಲ ಸಂಜೆ ಕೂತೆ. ಮೊದಲ ಅರ್ಧ ಹೇಳಿ ನಿಂತೆ. ಉತ್ತರ ಹೇಳುವವರಿಲ್ಲ. ಅವಳು ಉಸಿರಿಗಾಗಿ ನಿಲ್ಲಿಸುತ್ತಿದ್ದುದಲ್ಲ ಎಂಬುದು ನನಗೆ ಆಗ ತಿಳಿಯಿತು. ಜಗಲಿಯಿಂದ ಒಂದು ಧ್ವನಿ ಬರಬಹುದೇ ಎಂದು ದಿನಕ್ಕೆ ಐವತ್ತು ಸಲ, ಎಷ್ಟೋ ವರ್ಷ, ಅವಳು ಕಾದಿದ್ದಳು. ಆ ದಿನ ನಾನು ಅತ್ತೆ. ಸಾವಿನ ದಿನ ಬಾರದ ಅಳು ಅದು.

ನನಗೆ ಸಿಕ್ಕಿದ ಸಾಂತ್ವನ ಶುರುವಾದದ್ದು ಹೀಗೆ – ದುಃಖ ಕಡಿಮೆಯಾಗಿ ಅಲ್ಲ, ಹೆಚ್ಚಾಗಿ. ಆದ್ದರಿಂದಲೇ ಅದನ್ನು ಅಫೀಮು ಎನ್ನಲು ನನಗೆ ಆಗುವುದಿಲ್ಲ. ಅಫೀಮು ಕೊಡುವವನು, ನೋವು ಎಲ್ಲಿದೆ ತೋರಿಸು ಎನ್ನುವುದಿಲ್ಲ.

ಸತ್ತವರಿಗಾಗಿ ಪ್ರಾರ್ಥಿಸುವುದು ಕಥೋಲಿಕ ನಂಬಿಕೆಯ ಒಂದು ಭಾಗ. ದೇವರ ಪ್ರೀತಿಯಲ್ಲಿ ಸತ್ತರೂ ಇನ್ನೂ ತೊಳೆಯಬೇಕಾದ ಕೊರತೆಗಳುಳ್ಳ ಆತ್ಮಗಳು ಶುದ್ಧವಾಗುವ ಸ್ಥಿತಿಯನ್ನು ನಮ್ಮ ಹಿರಿಯರು 'ಪುರ್ಗೆತೊರ್' ಎನ್ನುತ್ತಿದ್ದರು. ಇರುವವರ ಪ್ರಾರ್ಥನೆ ಅವರಿಗೆ ನೆರವಾಗುತ್ತದೆ ಎಂಬುದು ನಂಬಿಕೆ. ನವೆಂಬರ್ 1 ಸಕಲ ಸಂತರ ಹಬ್ಬ, ಮರುದಿನ ಸಕಲ ಮೃತರ ಸ್ಮರಣೆ. ಆ ದಿನ ಸಿಮಿತೆರಿಯಲ್ಲಿ ಗೋರಿಗಳ ಮೇಲೆ ಬತ್ತಿ ಹಚ್ಚುತ್ತೇವೆ. ಈ ನಂಬಿಕೆಯ ಹೆಸರಿನಲ್ಲಿ ದುಡ್ಡಿನ ವ್ಯಾಪಾರ ನಡೆದುದೂ ಉಂಟು. 1517ರಲ್ಲಿ ಲೂಥರ್ ಸಿಡಿದೆದ್ದದ್ದು ಅದರ ವಿರುದ್ಧ. 1563ರಲ್ಲಿ ತ್ರೆಂತ್ ಮಹಾಸಭೆ ಈ ನಂಬಿಕೆಯನ್ನು ಎತ್ತಿಹಿಡಿಯುವಾಗಲೇ, ಇದರಲ್ಲಿ ಬರಿಯ ಕುತೂಹಲಕ್ಕೂ ಮೂಢನಂಬಿಕೆಗೂ ಹಣದಾಸೆಗೂ ಎಡೆಕೊಡಬಾರದೆಂದು ಬಿಷಪರಿಗೆ ಆಜ್ಞೆ ಮಾಡಿತು. ಪೋಪ್ ಹದಿನಾರನೆಯ ಬೆನೆಡಿಕ್ಟರು ಭರವಸೆಯ ಬಗ್ಗೆ 2007ರಲ್ಲಿ ಬರೆದ ವಿಶ್ವಪತ್ರದಲ್ಲಿ, ಅಗಲಿದವರಿಗೆ ಕೃತಜ್ಞತೆಯನ್ನೋ ಕ್ಷಮಾಯಾಚನೆಯನ್ನೋ ತಲುಪಿಸಬೇಕೆಂಬ ಹಂಬಲವನ್ನು ಮುಟ್ಟಿ, ಇನ್ನೊಬ್ಬರ ಹೃದಯವನ್ನು ತಲುಪಲು ತಡವಾಯಿತೆಂಬುದಿಲ್ಲ ಎಂಬರ್ಥದ ಮಾತು ಹೇಳಿದ್ದಾರೆ. ತಡವಾಯಿತು ಎಂಬ ಒಂದೇ ಪದದಲ್ಲಿ ಸಿಕ್ಕಿಕೊಂಡಿದ್ದ ನನಗೆ ಇದು ಎಂಥ ಮಾತಾಗಿರಬೇಕು, ಯೋಚಿಸಿ.

ನಮ್ಮ ನೆರೆಹೊರೆಯವರಿಗೆ ಇದು ತೀರ ಅಪರಿಚಿತವೂ ಅಲ್ಲ. ಆಟಿ ತಿಂಗಳಲ್ಲಿ ತುಳುವರ ಮನೆಗಳಲ್ಲಿ ಹಿರಿಯರಿಗೆ ಎಲೆ ಹಾಕಿ ಬಡಿಸುತ್ತಾರೆ. ಕರ್ಕಟಕದ ಅಮಾವಾಸ್ಯೆಗೆ ತ್ರಿಕ್ಕನ್ನಾಡಿನ ಕಡಲ ತೀರದಲ್ಲಿ ಪಿತೃಗಳಿಗೆ ಬಲಿ ಇಡುತ್ತಾರೆ. ಮುಸ್ಲಿಮ್ ಮನೆಗಳಲ್ಲಿ ಮರಣಿಸಿದವರ ಹೆಸರಿನಲ್ಲಿ ಯಾಸೀನ್ ಓದುತ್ತಾರೆ. ಇವೆಲ್ಲ ಒಂದೇ ಎಂದು ಹೇಳಿದರೆ ಎಲ್ಲರಿಗೂ ಅನ್ಯಾಯ ಮಾಡಿದ ಹಾಗಾಗುತ್ತದೆ. ಒಂದೊಂದರ ನಂಬಿಕೆ ಬೇರೆ, ಅರ್ಥ ಬೇರೆ. ಆದರೆ ಸತ್ತವರ ಕಡೆಗಿನ ನಮ್ಮ ಕರ್ತವ್ಯ ಹೆಣ ಎತ್ತಿದ ದಿನಕ್ಕೆ ಮುಗಿಯುವುದಿಲ್ಲ ಎಂಬ ಅರಿವು ಈ ಊರಿನ ಎಲ್ಲ ಅಂಗಳಗಳಲ್ಲಿಯೂ ಇದೆ.

ಇನ್ನು ಪ್ರಶ್ನೆಗೆ ಬರುತ್ತೇನೆ. ಸಮಾಧಾನ ಸಿಕ್ಕಿತು ಎಂಬುದು ಸತ್ಯಕ್ಕೆ ಪುರಾವೆಯಲ್ಲ. ಇದನ್ನು ಮೊದಲು ಒಪ್ಪಿಕೊಳ್ಳಬೇಕು. ಔಷಧ ಕಹಿ ಎಂಬ ಕಾರಣಕ್ಕೆ ಅದು ಗುಣ ಮಾಡುತ್ತದೆಂದು ಹೇಳಲಾಗದು, ಸಿಹಿ ಎಂಬ ಕಾರಣಕ್ಕೆ ವಿಷವೆಂದೂ ಹೇಳಲಾಗದು. ನನ್ನ ತಾಯಿಗೆ ನನ್ನ ಉತ್ತರ ಕೇಳಿಸುತ್ತದೆಯೇ ಎಂದು ಗಣಿತದ ಮೇಷ್ಟ್ರು ಕೇಳಿದರೆ, ಅವರು ಒಪ್ಪುವಂಥ ಸಾಧನೆ ನನ್ನಲ್ಲಿಲ್ಲ. ನಂಬುತ್ತೇನೆ ಎಂದಷ್ಟೇ ಹೇಳಬಲ್ಲೆ. ಆದರೆ ಒಂದು ಸಾಂತ್ವನ ಪ್ರಾಮಾಣಿಕವೋ ಅಲ್ಲವೋ ಎಂದು ನೋಡಲು ಎರಡು ಪರೀಕ್ಷೆಗಳು ನನಗೆ ತೋರುತ್ತವೆ.

ಮೊದಲನೆಯದು, ಅದು ನಡೆದುದನ್ನು ಮುಚ್ಚುತ್ತದೆಯೋ, ತೋರಿಸುತ್ತದೆಯೋ? ನೀನು ಒಳ್ಳೆಯ ಮಗ ಎಂಬ ಮಾತು ಮುಚ್ಚಿತು. ಪಾಪನಿವೇದನೆ ತೋರಿಸಿತು, ತೋರಿಸಿದ ಮೇಲೂ ನಾನು ಎದ್ದು ನಿಲ್ಲುವಂತೆ ಮಾಡಿತು. ನಮ್ಮ ಇಗರ್ಜಿಯ ಹೆಸರೇ ಇದನ್ನು ಹೇಳುತ್ತದೆ. ಮಗನ ಪುನರುತ್ಥಾನವನ್ನು ಸಾರುವ ಧರ್ಮ, ಶಿಲುಬೆಯ ಬಳಿ ನಿಂತ ತಾಯಿಯ ಶೋಕವನ್ನು ಮರೆಮಾಡಲಿಲ್ಲ. ಆ ಹೆಸರಿನಲ್ಲೇ ಇಗರ್ಜಿ ಕಟ್ಟಿತು, ಸೆಪ್ಟೆಂಬರ್ 15ರಂದು ಆ ಶೋಕವನ್ನೇ ಹಬ್ಬವಾಗಿ ಆಚರಿಸಿತು. ಯೋಹಾನನ ಸುವಾರ್ತೆಯಲ್ಲಿ ಯೇಸು ಲಾಜರನನ್ನು ಎಬ್ಬಿಸಲೆಂದೇ ಬಂದವನು. ಆದರೂ ಅದಕ್ಕೆ ಮೊದಲು ಕಣ್ಣೀರಿಟ್ಟನು. ಸ್ವರ್ಗವನ್ನು ನಂಬುವವರು ಅಳಬಾರದು ಎಂದು ಹೇಳಿದವರು ಈ ಭಾಗವನ್ನು ಇನ್ನೊಮ್ಮೆ ಓದಬೇಕು.

ಎರಡನೆಯ ಪರೀಕ್ಷೆ ಇನ್ನೂ ಕಠಿಣವಾದುದು. ಆ ಸಾಂತ್ವನ ನಮ್ಮನ್ನು ಬದುಕಿರುವವರ ಕಡೆಗೆ ಕಳುಹಿಸುತ್ತದೆಯೋ? ಇರುವಾಗ ಪಕ್ಕದಲ್ಲಿ ಕೂರದವನು ಸತ್ತ ಮೇಲೆ ಜಪಮಣಿ ಎಣಿಸಿ ಲೆಕ್ಕ ಚುಕ್ತಾ ಮಾಡಿದೆನೆಂದು ಹೊರಟರೆ, ಅದಕ್ಕಿಂತ ದೊಡ್ಡ ಆತ್ಮವಂಚನೆ ಬೇರೆ ಇಲ್ಲ. ಈ ಭಯ ನನಗೆ ಇತ್ತು. ಪ್ರಾಯಶ್ಚಿತ್ತದ ತಿಂಗಳು ಮುಗಿದ ಸಂಜೆ ನೆನಪಾದದ್ದು ಮಾಂಯಿಯ ತಂಗಿ, ನನ್ನ ಮಾವ್ಶಿ. ಮೂರು ಮೈಲಿ ಆಚೆ ಒಬ್ಬರೇ ಇದ್ದರು. ಅವರೂ ಎರಡು ಅರ್ಧವನ್ನು ಒಬ್ಬರೇ ಹೇಳುವವರು. ಶನಿವಾರಗಳಂದು ಸಂಜೆ ಹೋಗತೊಡಗಿದೆ. ಮೊದಲ ದಿನ ಅವರು ಅರ್ಧ ಹೇಳಿ ತಡೆದಾಗ ನಾನು ಉತ್ತರ ಹೇಳಿದೆ. ಅವರು ತಿರುಗಿ ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ, ಮುಂದಿನ ಮಣಿಗೆ ಹೋದರು. 2019ರಲ್ಲಿ ಅವರು ತೀರಿಕೊಳ್ಳುವವರೆಗೆ ಅದು ನಡೆಯಿತು. ಅವರ ಸಾವಿನ ದಿನ ನನಗೆ ದುಃಖವಾಯಿತು. 'ನಾಳೆ' ಎಂಬ ಮಾತು ಮಾತ್ರ ಆ ದುಃಖದಲ್ಲಿ ಇರಲಿಲ್ಲ.

ನನ್ನ ತಾಯಿಯ ವಿಷಯದಲ್ಲಿ ಆ ಮಾತು ಈಗಲೂ ಇದೆ. ನಂಬಿಕೆ ಅದನ್ನು ಅಳಿಸಿಲ್ಲ. ಅಳಿಸಬೇಕೆಂದು ನಾನು ಕೇಳುವುದೂ ಇಲ್ಲ. ಅದನ್ನು ಹೊತ್ತುಕೊಂಡು ಕೂರಲು ಒಂದು ಜಾಗ, ಹೇಳಲು ಒಂದು ಮಾತು, ಹೋಗಲು ಒಂದು ಮನೆ – ನಂಬಿಕೆ ನನಗೆ ಕೊಟ್ಟದ್ದು ಇಷ್ಟನ್ನು. ಇದನ್ನೇ ನಾನು ಸಾಂತ್ವನ ಎನ್ನುತ್ತೇನೆ. ನನ್ನ ಸ್ನೇಹಿತರು ದೇವರಿಲ್ಲದೆಯೂ ಇಷ್ಟನ್ನು ಗಳಿಸಬಲ್ಲರು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಅವರ ತಂದೆ ಎಂಟು ವರ್ಷ ಹಾಸಿಗೆಯಲ್ಲಿದ್ದಾಗ ಅವರು ಹೇಗೆ ನೋಡಿಕೊಂಡರೆಂದು ನಾನು ಕಂಡಿದ್ದೇನೆ. ನನಗೆ ಸಿಕ್ಕಿದ್ದು ಈ ದಾರಿಯಲ್ಲಿ; ಸಿಕ್ಕಿದ ದಾರಿಯನ್ನು ಸಿಗಲಿಲ್ಲವೆಂದು ಹೇಳುವುದೂ ಅಪ್ರಾಮಾಣಿಕತೆಯೇ.

ಈಗ ಮನೆಯಲ್ಲಿ ತಮ್ಮನ ಮಗನಿದ್ದಾನೆ. ಮಲಯಾಳ ಮಾಧ್ಯಮದಲ್ಲಿ ಕಲಿಯುತ್ತಾನೆ. ಕೊಂಕಣಿ ಮಾತಾಡುತ್ತಾನೆ, ಕನ್ನಡ ಓದಲು ಬಾರದು. ಅಜ್ಜಿಯ ಪುಸ್ತಕ ಅವನಿಗೆ ತನ್ನದೇ ಮಾತು, ತಿಳಿಯದ ಅಕ್ಷರ. ಕಳೆದ ವರ್ಷ ಸಿಮಿತೆರಿಗೆ ಹೋಗುವ ಹಿಂದಿನ ದಿನ, ನಾನು ಓದಿ ಹೇಳುತ್ತಾ ಹೋದಂತೆ ಆ ಪ್ರಾರ್ಥನೆಯನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡ. ಬರೆದು ಮುಗಿಸಿ, ಈ ಕನ್ನಡ ಅಕ್ಷರಗಳನ್ನೂ ನನಗೆ ಕಲಿಸಿಕೊಡಿ ದೊಡ್ಡಪ್ಪ ಎಂದ. ನನ್ನ ಬಾಯಿಗೆ 'ನಾಳೆ' ಎಂಬ ಮಾತು ಬಂದಿತ್ತು. ಹೊರಗೆ ಕತ್ತಲಾಗಿತ್ತು, ಕೈಯಲ್ಲಿ ಪತ್ರಿಕೆಯೂ ಇತ್ತು.

ಪತ್ರಿಕೆ ಮಡಚಿಟ್ಟು, ಅವನ ಪುಸ್ತಕದಲ್ಲಿ ಮೊದಲ ಅಕ್ಷರ ಬರೆದು ತೋರಿಸಿದೆ. ಆ ಮೇಲೆ ಇಬ್ಬರೂ ತೇರ್ಸಿಗೆ ಕೂತೆವು. ಅವನು ಮೊದಲ ಅರ್ಧ ಹೇಳಿದ.